ಮೇಲಿನ ಆರ್‌ಪಿಎಂನಲ್ಲಿ ಟರ್ಬೊ ಗಾಡಿ ಸುಸ್ತಾಗೋದು ಯಾಕೆ? ಪಾರ್ಟ್ ಬದಲಾಯಿಸೋ ಮೊದಲು ಲೆಕ್ಕ ನೋಡಿ

ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.

ಉಮ್ಮತ್ತೂರಿನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಕಂತು ಟರ್ಬೊ ಪೆಟ್ರೋಲ್ ಗಾಡಿ ಇಟ್ಟುಕೊಂಡಿರೋರಿಗೆ, ಮತ್ತೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ತಗೋಬೇಕು ಅಂತ ಲೆಕ್ಕ ಹಾಕ್ತಾ ಇರೋರಿಗೆ.

ದೂರು ಎಲ್ಲರದೂ ಒಂದೇ ಥರ ಇರುತ್ತೆ. "ಕೆಳಗೆ ಚೆನ್ನಾಗೇ ಹೋಯ್ತದೆ, ಮ್ಯಾಲಕ್ಕೆ ಎಳೆಯಲ್ಲ ಕನಣ್ಣ." ಅಂದ್ರೆ ಮೂರು, ಮೂರೂವರೆ ಸಾವಿರ ಆರ್‌ಪಿಎಂವರೆಗೂ ಬೆನ್ನಿಗೆ ಒದ್ದ ಹಾಗೆ ಓಡುತ್ತೆ. ನಾಲ್ಕೂವರೆ, ಐದು ಸಾವಿರ ದಾಟಿದ ಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಶಬ್ದ ಮಾತ್ರ ಜಾಸ್ತಿ, ಓಟ ಇಲ್ಲ. ಗ್ಯಾರೇಜಿಗೆ ಹೋದ್ರೆ ಮೊದಲು ಕೇಳಿಸೋ ಮಾತು, "ಟರ್ಬೊ ಹೋಗಿದೆ."

ಟರ್ಬೊ ಬದಲಾಯಿಸೋದು ಅಂದ್ರೆ ಐದಂಕಿ ಖರ್ಚು, ಕೆಲವು ಗಾಡಿಗಳಿಗೆ ಆರಂಕಿ. ಅಷ್ಟು ಸುರಿದ ಮೇಲೂ ಗಾಡಿ ಹಾಗೇ ಇದ್ರೆ? ಆಮೇಲೆ ಪಂಪು, ಆಮೇಲೆ ಇಂಜೆಕ್ಟರು, ಆಮೇಲೆ ಸೆನ್ಸರು. ಸಾಲದ ಕಂತು ಒಂದು ಕಡೆ, ಪಾರ್ಟ್‌ಗಳ ಬಿಲ್ಲು ಇನ್ನೊಂದು ಕಡೆ. ಇದಕ್ಕಿಂತ ದೊಡ್ಡ ಅಪಾಯವೂ ಇದೆ. ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲದೆ ಶಕ್ತಿ ಕಮ್ಮಿಯಾಗ್ತಾ ಇದ್ರೆ, "ನೋಡೋಣ, ಇನ್ನೊಂದು ಸಲ ಎಳೀತೀನಿ" ಅನ್ನೋ ಆ ಇನ್ನೊಂದು ಸಲದಲ್ಲೇ ಪಿಸ್ಟನ್ ಕರಗಬಹುದು. ಹಾಗಾಗಿ ಇವತ್ತಿನ ಮಾತು ಒಂದೇ: ಮೊದಲು ಲಾಗ್, ಆಮೇಲೆ ಪಾರ್ಟ್. ಹೇಗೆ ಅಂತ ಒಂದೊಂದಾಗಿ ನೋಡೋಣ.

ಇದು ನಿಜಕ್ಕೂ ರಿಪೇರಿಯ ವಿಷಯವೇ?

ಮೊದಲನೇ ಪ್ರಶ್ನೆ ಇದೇ ಆಗಬೇಕು. ಗಾಡಿ ಕೆಟ್ಟಿದೆಯಾ, ಅಥವಾ ಗಾಡಿ ಇರೋದೇ ಹಾಗಾ?

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ತಗೊಳ್ಳಿ. 2013ರಲ್ಲಿ ಬಂದ 1.2 ಲೀಟರ್ ಟರ್ಬೊ ಗಾಡಿ. ಕಂಪನಿ ಹೇಳಿದ ಅಂಕಿ: 5000 ಆರ್‌ಪಿಎಂನಲ್ಲಿ 105 ಪಿಎಸ್ ಪವರ್, ಗರಿಷ್ಠ ಟಾರ್ಕ್ 175 ನ್ಯೂಟನ್ ಮೀಟರ್. ಟಾರ್ಕ್ ಅಂದ್ರೆ ತಿರುಗಿಸೋ ಬಲ. ಪವರ್ ಅಂದ್ರೆ ಆ ಬಲ ಎಷ್ಟು ವೇಗದಲ್ಲಿ ಕೆಲಸ ಮಾಡ್ತಾ ಇದೆ ಅನ್ನೋದು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ ಸುಮಾರು 7024ರಿಂದ ಭಾಗಿಸಿದ್ರೆ ಪಿಎಸ್ ಸಿಗುತ್ತೆ. ಇದನ್ನೇ ತಿರುಗಿಸಿ ಹಾಕಿ ನೋಡಿ: 5000 ಆರ್‌ಪಿಎಂನಲ್ಲಿ 105 ಪಿಎಸ್ ಇದೆ ಅಂದ್ರೆ ಅಲ್ಲಿ ಟಾರ್ಕ್ ಸುಮಾರು 147 ಅಷ್ಟೇ. ಗರಿಷ್ಠ 175 ಇದ್ದದ್ದು ಅಷ್ಟು ಹೊತ್ತಿಗಾಗಲೇ 28 ಇಳಿದಿದೆ. ಬೆನ್ನಿಗೆ ಗೊತ್ತಾಗೋದು ಟಾರ್ಕ್, ಪವರ್ ಅಲ್ಲ. ಅದಕ್ಕೇ "ಮೇಲೆ ಸಪ್ಪೆ" ಅನ್ನಿಸುತ್ತೆ. ಅದು ರೋಗ ಅಲ್ಲ. ಸಣ್ಣ ಟರ್ಬೊ ಹಾಕಿ ಕೆಳಗಿನ ಎಳೆತ ಚೆನ್ನಾಗಿ ಕೊಟ್ಟಿರೋದಕ್ಕೆ ಮೇಲೆ ತೆತ್ತ ಬೆಲೆ.

ಇನ್ನೊಂದು ಗಾಡಿ ನೋಡಿ. 2017ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2 ಲೀಟರ್, 230 ಪಿಎಸ್. ಅದರಲ್ಲಿ ಪೂರ್ತಿ ಪವರ್ ಸುಮಾರು 4700ರಿಂದ 6200 ಆರ್‌ಪಿಎಂವರೆಗೂ ಸಿಗಬೇಕು. ಆ ಗಾಡಿ 5000ದಲ್ಲೇ ಉಸಿರು ಬಿಟ್ಟರೆ ಏನೋ ಕೆಟ್ಟಿದೆ ಅಂತಾನೇ ಅರ್ಥ. ಆದ್ದರಿಂದ ಪಕ್ಕದ ಮನೆ ಗಾಡಿಗೆ ಹೋಲಿಸಬೇಡಿ. ನಿಮ್ಮ ಗಾಡಿಯ ಕಂಪನಿ ಅಂಕಿಗೆ ಹೋಲಿಸಿ. ಇಲ್ಲ ಅಂದ್ರೆ, "ಹೋದ ತಿಂಗಳು ಹೀಗಿರಲಿಲ್ಲ" ಅಂತ ಖಚಿತವಾಗಿ ಹೇಳೋಕೆ ಆಗಬೇಕು.

ಕೆಳಗೆ ಸರಿ, ಮೇಲೆ ಮಾತ್ರ ಯಾಕೆ?

ನಮ್ಮ ಕಡೆ ಬಾಳೆಗೋ ಅರಿಶಿನಕ್ಕೋ ನೀರು ಬಿಡೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಪೈಪಿನೊಳಗೆ ಕಸ ಕಟ್ಟಿದೆ ಅಂತಿಟ್ಟುಕೊಳ್ಳಿ. ವಾಲ್ವ್ ಕಾಲು ಭಾಗ ತಿರುಗಿಸಿದಾಗ ನೀರು ಸರಿಯಾಗೇ ಬರೋ ಹಾಗೆ ಕಾಣುತ್ತೆ. ಪೂರ್ತಿ ತಿರುಗಿಸಿದಾಗ ಗೊತ್ತಾಗುತ್ತೆ, ಬರಬೇಕಾದಷ್ಟು ಬರ್ತಿಲ್ಲ ಅಂತ. ಗಾಳಿಯ ಕತೆಯೂ ಅದೇ. ಹರಿವು ಎರಡು ಪಟ್ಟಾದರೆ, ದಾರಿಯ ಅಡ್ಡಿಯಿಂದ ಕಳೆದುಹೋಗೋ ಒತ್ತಡ ಹೆಚ್ಚೂಕಮ್ಮಿ ನಾಲ್ಕು ಪಟ್ಟಾಗುತ್ತೆ.

ಎಷ್ಟು ಗಾಳಿ ಅಂತ ಲೆಕ್ಕ ಹಾಕೋಣ. 1.2 ಲೀಟರ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಎಲ್ಲ ಸಿಲಿಂಡರ್ ತುಂಬಿಸಿಕೊಳ್ಳುತ್ತೆ. 6000 ಆರ್‌ಪಿಎಂ ಅಂದ್ರೆ ನಿಮಿಷಕ್ಕೆ 3000 ಸಲ, ಅಂದ್ರೆ 3600 ಲೀಟರ್. ಟರ್ಬೊ ಗಾಳಿಯನ್ನ ಎರಡು ಪಟ್ಟು ಒತ್ತಿ ಕೊಡ್ತಾ ಇದ್ರೆ ಹೊರಗಿನಿಂದ ಎಳೀಬೇಕಾದ್ದು ಸರಿಸುಮಾರು 7200 ಲೀಟರ್. ಟ್ರ್ಯಾಕ್ಟರ್ ಹಿಂದೆ ಕಟ್ಟೋ ನೀರಿನ ಟ್ಯಾಂಕರ್‌ಗೆ ನಾಲ್ಕೈದು ಸಾವಿರ ಲೀಟರ್ ಹಿಡಿಯುತ್ತೆ. ಒಂದೂವರೆ ಟ್ಯಾಂಕರ್ ಗಾಳಿ, ಒಂದೇ ನಿಮಿಷಕ್ಕೆ, ನಿಮ್ಮ ಏರ್ ಫಿಲ್ಟರ್ ಮೂಲಕ ಹೋಗಬೇಕು.

ಅಷ್ಟೇ ಅಲ್ಲ, ಸಮಯವೂ ಕಮ್ಮಿ. 3000 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿನ ಇಡೀ ಚಕ್ರಕ್ಕೆ, ಅಂದ್ರೆ ಗಾಳಿ ಎಳೆಯೋದು, ಒತ್ತೋದು, ಉರಿಸೋದು, ಹೊರಗೆ ದೂಡೋದು ಎಲ್ಲಕ್ಕೂ ಸೇರಿ 40 ಮಿಲಿಸೆಕೆಂಡ್ ಇರುತ್ತೆ. 6000ಕ್ಕೆ ಅದು 20 ಆಗುತ್ತೆ. ಅದರೊಳಗೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಬೇಕು, ಕಾಯಿಲ್ ಚಾರ್ಜ್ ಆಗಬೇಕು, ಪ್ಲಗ್ ಕಿಡಿ ಕೊಡಬೇಕು. ಸ್ವಲ್ಪ ಸೋತಿರೋ ಪಂಪು, ಸ್ವಲ್ಪ ಸವೆದಿರೋ ಪ್ಲಗ್, ಸ್ವಲ್ಪ ಸೋರೋ ಹೋಸ್ ಇವೆಲ್ಲ ಕೆಳಗೆ ಹೇಗೋ ದಿನ ದೂಡ್ತಾವೆ. ಮೇಲೆ ಬಂದಾಗ ಸಿಕ್ಕಿಬೀಳ್ತಾವೆ.

ಟರ್ಬೊ ಗಾಡಿಯಲ್ಲಿ ಇನ್ನೊಂದು ಮೋಸ ಇದೆ. ಹೋಸ್ ಸೋರ್ತಾ ಇದ್ರೂ ಎಂಜಿನ್ ಕಂಪ್ಯೂಟರ್, ಅಂದ್ರೆ ಇಸಿಯು, ಟರ್ಬೊವನ್ನ ಇನ್ನಷ್ಟು ದುಡಿಸಿ ಕೊರತೆ ತುಂಬಿಸುತ್ತೆ. ಮಧ್ಯದ ಆರ್‌ಪಿಎಂನಲ್ಲಿ ಟರ್ಬೊಗೆ ಅಷ್ಟು ಶಕ್ತಿ ಉಳಿದಿರುತ್ತೆ, ನಿಮಗೆ ಗೊತ್ತೇ ಆಗಲ್ಲ. ಮೇಲೆ ಹೋದಾಗ ಉಳಿದಿದ್ದೆಲ್ಲ ಮುಗಿದು ಸೋರಿಕೆ ಬಯಲಾಗುತ್ತೆ.

ಗಾಡಿ ಹೇಗೆ ಸೋಲ್ತಾ ಇದೆ? ಮೂರು ಬಗೆ

ಲಾಗ್ ತೆಗೆಯೋಕೂ ಮುಂಚೆ ಸೀಟಿನಲ್ಲಿ ಕೂತು ಗಮನಿಸಬೇಕಾದ್ದು ಇದು.

ಒಂದು, ನಿಧಾನಕ್ಕೆ ಬತ್ತುವುದು. ಜರ್ಕ್ ಇಲ್ಲ, ಶಬ್ದ ಇಲ್ಲ. ಎಳೆತ ಮೆಲ್ಲಗೆ ಕರಗುತ್ತೆ. ಇದು ಸಾಮಾನ್ಯವಾಗಿ ಗಾಳಿಯ ಅಥವಾ ಬಿಸಿಯ ಸಮಸ್ಯೆ: ಸೋರಿಕೆ, ಕಟ್ಟಿದ ಫಿಲ್ಟರ್, ಕಟ್ಟಿದ ಕ್ಯಾಟಲಿಟಿಕ್ ಕನ್ವರ್ಟರ್, ಇಲ್ಲ ಅಂದ್ರೆ ಬಿಸಿಯಾದ ಇಂಟರ್‌ಕೂಲರ್.

ಎರಡು, ತಡವರಿಸುವುದು. ಟಪಟಪ ಅಂತ ಜರ್ಕ್ ಹೊಡೆಯುತ್ತೆ, ಚೆಕ್ ಎಂಜಿನ್ ಲೈಟ್ ಮಿಟುಕಬಹುದು. ಇದು ಹೆಚ್ಚಾಗಿ ಕಿಡಿಯ ಸಮಸ್ಯೆ. ಬೂಸ್ಟ್ ಜಾಸ್ತಿಯಾದಷ್ಟೂ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ. ಆ ಒತ್ತಡದಲ್ಲಿ ಪ್ಲಗ್‌ನ ಸಂದು ದಾಟೋಕೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಸಂದು ಅಗಲ ಆಗಿದ್ರೆ, ಇಲ್ಲ ಕಾಯಿಲ್ ಸೋತಿದ್ರೆ, ಕಿಡಿ ದಾಟಲ್ಲ. ಲೈಟ್ ಮಿಟುಕೋವಾಗ ಎಳೀಲೇಬೇಡಿ. ಉರಿಯದೆ ಉಳಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತೆ, ಅದನ್ನೂ ಸುಡುತ್ತೆ.

ಮೂರು, ಗೋಡೆಗೆ ಗುದ್ದಿದ ಹಾಗೆ ನಿಲ್ಲುವುದು. ಒಮ್ಮೆಲೇ ಪವರ್ ಕಟ್. ಕೀ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಸರಿ. ಇದು ಇಸಿಯು ತಾನೇ ಬೇಕಂತ ಕಟ್ ಮಾಡಿದ್ದು. ಏನೋ ಮಿತಿ ಮೀರಿದೆ ಅಂತ ಎಂಜಿನ್ ಉಳಿಸೋಕೆ ಲಿಂಪ್ ಮೋಡಿಗೆ ಹೋಗಿದೆ. ಇಂಥದ್ದರಲ್ಲಿ ಬಹುತೇಕ ಕೋಡ್ ಉಳಿದಿರುತ್ತೆ. ಪಿ0299 ಅಂದ್ರೆ ಬೂಸ್ಟ್ ಸಾಲ್ತಿಲ್ಲ. ಪಿ0234 ಅಂದ್ರೆ ಬೂಸ್ಟ್ ಮಿತಿ ಮೀರಿದೆ. ಪಿ0087 ಅಂದ್ರೆ ಇಂಧನ ರೇಲ್‌ನಲ್ಲಿ ಒತ್ತಡ ಕಡಿಮೆ. ಪಿ0301ರಿಂದ ಮುಂದಕ್ಕೆ ಬರೋವು ಯಾವ ಸಿಲಿಂಡರ್ ಮಿಸ್ ಹೊಡೀತಾ ಇದೆ ಅಂತ ಹೇಳ್ತಾವೆ.

ಒಂದು ಎಚ್ಚರಿಕೆ. ಪಿ0299 ಬಂದ ತಕ್ಷಣ "ಟರ್ಬೊ ಕೆಟ್ಟಿದೆ" ಅಂತ ಅರ್ಥ ಅಲ್ಲ. ಕೋಡ್ ಹೇಳೋದು ಬೂಸ್ಟ್ ಸಾಲ್ತಿಲ್ಲ ಅಂತ ಮಾತ್ರ. ಯಾಕೆ ಸಾಲ್ತಿಲ್ಲ ಅಂತ ಅದು ಹೇಳಲ್ಲ. ಕ್ಲ್ಯಾಂಪ್ ಸಡಿಲ ಆಗಿದ್ರೂ ಅದೇ ಕೋಡ್ ಬರುತ್ತೆ.

ಬಜೆಟ್ ಎಷ್ಟು, ಬಂದದ್ದೆಷ್ಟು?

ಬಿ.ಕಾಂ. ಓದಿರೋರಿಗೆ ಈ ಭಾಗ ಬಹಳ ಹತ್ತಿರ ಅನ್ನಿಸುತ್ತೆ. ಕಂಪನಿಯ ಲೆಕ್ಕ ನೋಡೋವಾಗ ಬಜೆಟ್ ಒಂದು ಸಾಲು, ಆ್ಯಕ್ಚುಯಲ್ ಇನ್ನೊಂದು ಸಾಲು. ಎರಡರ ನಡುವಿನ ವ್ಯತ್ಯಾಸ ಎಲ್ಲಿ ಬಂತು ಅಂತ ಹುಡುಕೋದೇ ಕೆಲಸ. ಇಸಿಯು ಕೂಡ ಹೀಗೇ ಬದುಕುತ್ತೆ. ಪ್ರತಿ ಕ್ಷಣ ಅದು "ನನಗೆ ಇಷ್ಟು ಬೂಸ್ಟ್ ಬೇಕು, ಇಷ್ಟು ಇಂಧನ ಒತ್ತಡ ಬೇಕು" ಅಂತ ಕೇಳ್ತಾ ಇರುತ್ತೆ. ಸೆನ್ಸರ್‌ಗಳು "ಬಂದದ್ದು ಇಷ್ಟು" ಅಂತ ಹೇಳ್ತಾ ಇರ್ತಾವೆ. ಎರಡನ್ನೂ ಪಕ್ಕಪಕ್ಕ ಬರೆದುಕೊಂಡರೆ ಅರ್ಧ ರೋಗ ಸಿಕ್ಕಿತು.

ಬೇಕಾಗೋ ಸಾಮಾನು: ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಹಾಕೋ ಒಂದು ಬ್ಲೂಟೂತ್ ಅಡಾಪ್ಟರ್, ನಿಮ್ಮ ಫೋನು, ಒಂದು ಆ್ಯಪ್. ಟಾರ್ಕ್ ಪ್ರೊ, ಕಾರ್ ಸ್ಕ್ಯಾನರ್ ಥರದವು ಸಾಮಾನ್ಯ ಬಳಕೆಗೆ ಸಾಕು. ಫೋಕ್ಸ್‌ವ್ಯಾಗನ್, ಸ್ಕೋಡಾಗೆ ವಿಸಿಡಿಎಸ್, ಓಬಿಡಿಇಲೆವೆನ್ ಥರದ ಅದಕ್ಕೇ ಮಾಡಿದ ಸಾಧನಗಳು ಇನ್ನೂ ಒಳಗೆ ಹೋಗ್ತಾವೆ. ಅಗ್ಗದ ಅಡಾಪ್ಟರ್ ನಿಧಾನ. ಇಪ್ಪತ್ತು ಅಂಕಿ ಒಟ್ಟಿಗೆ ಕೇಳಿದ್ರೆ ಸೆಕೆಂಡಿಗೆ ಒಂದು ಸಲವೂ ಓದಲ್ಲ. ಐದಾರನ್ನೇ ಆರಿಸಿ. ಆರ್‌ಪಿಎಂ, ಬೂಸ್ಟ್ ಕೇಳಿದ್ದು ಮತ್ತು ಬಂದದ್ದು, ರೇಲ್ ಒತ್ತಡ, ಥ್ರಾಟಲ್ ತೆರೆದ ಪ್ರಮಾಣ, ಇಗ್ನಿಷನ್ ಟೈಮಿಂಗ್. ಎರಡನೇ ಸುತ್ತಿನಲ್ಲಿ ಒಳಬರುವ ಗಾಳಿಯ ಉಷ್ಣತೆ, ಲ್ಯಾಂಬ್ಡಾ, ಮಿಸ್‌ಫೈರ್ ಎಣಿಕೆ.

ಈಗ ಐದು ಫಲಿತಾಂಶ ನೋಡೋಣ. ಇಲ್ಲಿ ಹೇಳೋ ಅಂಕಿಗಳು ಅರ್ಥ ಆಗಲಿ ಅಂತ ಕೊಟ್ಟ ಉದಾಹರಣೆ. ನಿಮ್ಮ ಗಾಡಿಗೆ ಬೇರೆ ಇರ್ತಾವೆ.

ಮೊದಲನೆಯದು. 5500 ಆರ್‌ಪಿಎಂನಲ್ಲಿ ಇಸಿಯು ಕೇಳಿದ್ದು 1.95 ಬಾರ್, ಬಂದದ್ದು 1.65. ವೇಸ್ಟ್‌ಗೇಟ್‌ಗೆ ಹೋಗ್ತಾ ಇರೋ ಆಜ್ಞೆ ಹತ್ತಿರಹತ್ತಿರ ನೂರು ಪರ್ಸೆಂಟ್. ವೇಸ್ಟ್‌ಗೇಟ್ ಅಂದ್ರೆ ಟರ್ಬೊ ತಿರುಗಿಸೋ ಹೊಗೆಯಲ್ಲಿ ಹೆಚ್ಚಾದದ್ದನ್ನ ಪಕ್ಕಕ್ಕೆ ಬಿಡೋ ಬಾಗಿಲು. ಇಸಿಯು "ಬಾಗಿಲು ಬಿಗಿಯಾಗಿ ಮುಚ್ಚು" ಅಂತ ಕೂಗ್ತಾ ಇದೆ, ಆದ್ರೂ ಬೂಸ್ಟ್ ಬರ್ತಿಲ್ಲ. ಇಲ್ಲಿ ಶಂಕಿತರು ನಾಲ್ಕು ಗುಂಪು: ಟರ್ಬೊಗೆ ಮುಂಚಿನ ಅಡ್ಡಿ, ಟರ್ಬೊ ಆದ ಮೇಲಿನ ಸೋರಿಕೆ, ಮುಚ್ಚಿಕೊಳ್ಳದ ವೇಸ್ಟ್‌ಗೇಟ್, ಹೊಗೆ ದಾರಿಯಲ್ಲಿ ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್. ಟರ್ಬೊನೇ ಸವೆದಿರಬಹುದು, ಆದ್ರೆ ಅದು ಪಟ್ಟಿಯ ಕೊನೆಗೆ ಬರಬೇಕು.

ಎರಡನೆಯದು. ಬೂಸ್ಟ್ ಸರಿಯಾಗಿದೆ. ರೇಲ್ ಒತ್ತಡ ಕೇಳಿದ್ದು 180 ಬಾರ್, ಬಂದದ್ದು 120, ಮೇಲೆ ಹೋದಷ್ಟೂ ಇಳೀತಾ ಇದೆ. ಲ್ಯಾಂಬ್ಡಾ 1ರ ಹತ್ತಿರ. ಲ್ಯಾಂಬ್ಡಾ 1 ಅಂದ್ರೆ ಗಾಳಿ, ಪೆಟ್ರೋಲ್ ಲೆಕ್ಕಕ್ಕೆ ಸರಿಯಾಗಿವೆ ಅಂತ. ಆದ್ರೆ ಫುಲ್ ಬೂಸ್ಟ್‌ನಲ್ಲಿ ತುಂಬ ಗಾಡಿಗಳು ತಂಪಿಗೋಸ್ಕರ ಪೆಟ್ರೋಲ್ ಸ್ವಲ್ಪ ಜಾಸ್ತಿ ಕೇಳ್ತಾವೆ, 0.85ರ ಆಸುಪಾಸು. 0.85 ಕೇಳಿದ ಕಡೆ 1 ಬರ್ತಾ ಇದ್ರೆ ಪೆಟ್ರೋಲ್ ಸಾಲ್ತಿಲ್ಲ. ಇಲ್ಲಿಗೆ ನಿಲ್ಲಿಸಿ. ಇನ್ನೊಂದು ಸಲ ಎಳೀಬೇಡಿ. ನಾನು ಆರಂಭದಲ್ಲಿ ಹೇಳಿದ ಪಿಸ್ಟನ್ ಕರಗೋ ದಾರಿ ಇದೇ. ಟ್ಯಾಂಕಿನೊಳಗಿನ ಪಂಪ್, ಫಿಲ್ಟರ್, ಎಂಜಿನ್ ಮೇಲಿನ ಹೈ ಪ್ರೆಷರ್ ಪಂಪ್, ಈ ಕ್ರಮದಲ್ಲಿ ನೋಡಿಸಿ. ಕೆಳಗಿನ ಪಂಪ್ ಸೋತಿದ್ರೆ ಮೇಲಿನ ಪಂಪಿಗೆ ಪೆಟ್ರೋಲೇ ಸಿಗಲ್ಲ. ತಪ್ಪು ಮಾತ್ರ ದುಬಾರಿ ಪಂಪಿನ ತಲೆಗೆ ಬರುತ್ತೆ.

ಮೂರನೆಯದು. ಬೂಸ್ಟ್, ಇಂಧನ ಎರಡೂ ಸರಿ. ಆದ್ರೆ ಟೈಮಿಂಗ್ ಹಿಂದಕ್ಕೆ ಹೋಗ್ತಾ ಇದೆ, ಗಾಳಿಯ ಉಷ್ಣತೆ 65, 70 ಡಿಗ್ರಿ. ಮೊದಲನೇ ಸಲ ಚೆನ್ನಾಗಿ ಎಳೆದು ಎರಡನೇ, ಮೂರನೇ ಸಲಕ್ಕೆ ಸುಸ್ತಾಗಿದ್ರೆ ಇದೇ. ಬಿಸಿಗೋ ಪೆಟ್ರೋಲ್ ಗುಣಕ್ಕೋ ಎಂಜಿನ್ ನಾಕ್ ಆಗ್ತಾ ಇದೆ, ಇಸಿಯು ಕಿಡಿಯನ್ನ ತಡಮಾಡಿ ಎಂಜಿನ್ ಉಳಿಸ್ತಾ ಇದೆ. ಇಂಟರ್‌ಕೂಲರಿನ ಮುಂದೆ ಕಟ್ಟಿದ ಧೂಳು, ಹುಳುಹುಪ್ಪಟೆ ತೊಳೆಸಿ. ಬೇರೆ ಬಂಕಿನಲ್ಲಿ ಹೆಚ್ಚು ಆಕ್ಟೇನ್ ಪೆಟ್ರೋಲ್ ಒಂದು ಟ್ಯಾಂಕ್ ಹಾಕಿ ಮತ್ತೆ ಲಾಗ್ ತೆಗೆಯಿರಿ. ಟೈಮಿಂಗ್ ವಾಪಸ್ ಬಂದ್ರೆ ಉತ್ತರ ಅಲ್ಲೇ ಇದೆ.

ನಾಲ್ಕನೆಯದು. ಎಲ್ಲ ಅಂಕಿ ಸರಿ, ಮಿಸ್‌ಫೈರ್ ಎಣಿಕೆ ಮಾತ್ರ ಏರ್ತಾ ಇದೆ. ಪ್ಲಗ್, ಕಾಯಿಲ್. ಒಂದೇ ಸಿಲಿಂಡರಿನಲ್ಲಿ ಏರ್ತಾ ಇದ್ರೆ ಆ ಕಾಯಿಲನ್ನ ಪಕ್ಕದ ಸಿಲಿಂಡರಿಗೆ ಹಾಕಿ. ಮಿಸ್‌ಫೈರ್ ಅದರ ಹಿಂದೆಯೇ ಹೋದ್ರೆ ಕಾಯಿಲ್ ಸತ್ತಿದೆ. ಹೋಗದಿದ್ರೆ ಪ್ಲಗ್ ಹಾಗೇ ಅದಲುಬದಲು ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಡೈರೆಕ್ಟ್ ಇಂಜೆಕ್ಷನ್ ಗಾಡಿ ಬಹಳ ಕಿಲೋಮೀಟರ್ ಓಡಿದ್ರೆ ಇಂಟೇಕ್ ವಾಲ್ವ್ ಮೇಲೆ ಮಸಿ ಕಟ್ಟಿರೋದೂ ಇರಬಹುದು. ಅಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗೋದ್ರಿಂದ ವಾಲ್ವ್ ತೊಳೆಯೋರು ಯಾರೂ ಇಲ್ಲ.

ಐದನೆಯದು. ಇಸಿಯು ಕೇಳೋದನ್ನೇ ಕಮ್ಮಿ ಮಾಡಿದೆ. ನೀವು ಪೆಡಲ್ ಪೂರ್ತಿ ಒತ್ತಿದ್ದೀರಿ, ಥ್ರಾಟಲ್ ಅರುವತ್ತು ಪರ್ಸೆಂಟ್ ಮಾತ್ರ ತೆರೆದಿದೆ. ಆಗ ರೋಗ ಬೇರೆ ಕಡೆ ಇದೆ. ಗೇರ್‌ಬಾಕ್ಸ್ ಬಿಸಿಯಾಗಿರಬಹುದು, ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡಿರಬಹುದು, ರೀಮ್ಯಾಪ್ ಮಾಡಿದೋರು ಯಾವುದೋ ಮಿತಿ ಬಿಟ್ಟಿರಬಹುದು. ಅಥವಾ ಗಾಡಿ ಇರೋದೇ ಹಾಗೆ.

ಸೋಪಿನ ನೀರಿನ ಪರೀಕ್ಷೆ

ಮೊದಲನೇ ಫಲಿತಾಂಶ ಬಂದೋರು ಏನು ಮಾಡಬೇಕು? ಅಗ್ಗದಿಂದ ದುಬಾರಿ ಕಡೆಗೆ ಹೋಗಿ.

ಮೊದಲು ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನಮ್ಮ ಜಿಲ್ಲೆ ಕರಿಕಲ್ಲಿಗೆ ಹೆಸರಾದದ್ದು, ಕ್ವಾರಿ ಇರೋ ಕಡೆ ಧೂಳೂ ಜಾಸ್ತಿ. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್‌ಗಿಂತ ಬೇಗ ಕಟ್ಟಿಕೊಳ್ಳುತ್ತೆ. ಫಿಲ್ಟರಿನಿಂದ ಟರ್ಬೊಗೆ ಹೋಗೋ ಪೈಪನ್ನ ಹಿಸುಕಿ ನೋಡಿ. ಮೆತ್ತಗಾಗಿದ್ರೆ ಮೇಲಿನ ಆರ್‌ಪಿಎಂ ಎಳೆತಕ್ಕೆ ಒಳಗೆ ಕುಸಿದು ದಾರಿ ಮುಚ್ಚಬಹುದು. ಗಾಡಿ ನಿಂತಾಗ ಅದು ಮತ್ತೆ ಉಬ್ಬಿ ಏನೂ ಆಗಿಲ್ಲದ ಹಾಗೆ ಇರುತ್ತೆ.

ಆಮೇಲೆ ಸೋರಿಕೆ ಪರೀಕ್ಷೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಗಾಳಿ ಬಿಡೋದು ಹುಡುಕೋ ಹಾಗೇನೇ. ಟರ್ಬೊಗೆ ಗಾಳಿ ಹೋಗೋ ಬಾಯಿಗೆ ಮುಚ್ಚಳ ಹಾಕಿ, ಅದರ ಮೂಲಕ ಕಂಪ್ರೆಸರ್ ಗಾಳಿ ಕೊಟ್ಟು, ಹೋಸ್‌ಗಳ ಜಾಯಿಂಟ್, ಇಂಟರ್‌ಕೂಲರ್ ತುದಿ, ಡೈವರ್ಟರ್ ವಾಲ್ವ್ ಎಲ್ಲ ಕಡೆ ಸೋಪಿನ ನೀರು ಚಿಮುಕಿಸಬೇಕು. ಗುಳ್ಳೆ ಎದ್ದ ಕಡೆ ಕಳ್ಳ ಇದ್ದಾನೆ. ಆದ್ರೆ ಪಂಕ್ಚರ್ ಅಂಗಡಿ ಕಂಪ್ರೆಸರನ್ನ ನೇರ ಹಚ್ಚಬಾರದು. ಅದರ ಒತ್ತಡ ನೂರು ಪಿಎಸ್‌ಐ ದಾಟಿರುತ್ತೆ. ರೆಗ್ಯುಲೇಟರ್ ಹಾಕಿ, ನಿಮ್ಮ ಗಾಡಿಯ ಬೂಸ್ಟ್‌ಗಿಂತ ಮೇಲೆ ಹೋಗದ ಹಾಗೆ, 10ರಿಂದ 15 ಪಿಎಸ್‌ಐ ಒಳಗೇ ಇಡಬೇಕು. ಹೋಸ್ ಬಾಯಿಯ ಎದುರಿಗೆ ಮುಖ ಇಟ್ಟು ನಿಲ್ಲಬೇಡಿ. ಮುಚ್ಚಳ ಹಾರಿದ್ರೆ ಕಲ್ಲು ಬೀಸಿದ ಹಾಗೆ ಬರುತ್ತೆ. ತಿಳಿದ ಮೆಕ್ಯಾನಿಕ್ ಕೈಯಲ್ಲಿ ಮಾಡಿಸೋದೇ ಒಳ್ಳೇದು.

ಸೋರಿಕೆ ಇಲ್ಲ ಅಂತಾದ್ರೆ ವೇಸ್ಟ್‌ಗೇಟ್ ಕಡ್ಡಿ ಸಡಿಲ ಇದೆಯಾ, ಬಾಗಿಲು ಪೂರ್ತಿ ಕೂರ್ತಾ ಇದೆಯಾ ನೋಡಿಸಿ. ಅದೂ ಸರಿ ಇದ್ರೆ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ ಇರೋ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿ ಹೊಗೆಯ ಒತ್ತಡ ಅಳೀಬಹುದು. ಇಷ್ಟೆಲ್ಲ ಆದ ಮೇಲೆ ಟರ್ಬೊನ ಶಾಫ್ಟ್ ಅಲುಗಾಡುತ್ತಾ, ಎಲೆಗಳು ಮುರಿದಿವೆಯಾ ಅಂತ ನೋಡೋ ಸರದಿ.

ಗುಂಡ್ಲುಪೇಟೆಯ ಗಾಳಿ, ಊಟಿಯ ಗಾಳಿ

ಈಗ ನಮ್ಮ ಭಾಗದವರೇ ಗಮನಿಸಬೇಕಾದ ಒಂದು ವಿಷಯ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಸಮುದ್ರದ ದಡದಲ್ಲಿ ಗಾಳಿಯ ಒತ್ತಡ 1.01 ಬಾರ್ ಇದ್ರೆ, ಇಲ್ಲಿ ಸುಮಾರು 0.92. ಬಂಡೀಪುರ, ಗೂಡಲೂರು ದಾಟಿ ಊಟಿಗೆ ಹೋದ್ರೆ ಅಲ್ಲಿ ಎತ್ತರ 2240 ಮೀಟರ್, ಒತ್ತಡ ಸುಮಾರು 0.77.

ಎಂಜಿನ್‌ಗೆ ಒಟ್ಟು 2 ಬಾರ್ ಬೇಕು ಅಂತಿಟ್ಟುಕೊಳ್ಳಿ. ಸಮುದ್ರಮಟ್ಟದಲ್ಲಿ ಟರ್ಬೊ ಗಾಳಿಯನ್ನ ಹೆಚ್ಚೂಕಮ್ಮಿ ಎರಡು ಪಟ್ಟು ಒತ್ತಿದ್ರೆ ಸಾಕು. ಗುಂಡ್ಲುಪೇಟೆಯಲ್ಲಿ 2.2 ಪಟ್ಟು. ಊಟಿಯಲ್ಲಿ 2.6 ಪಟ್ಟು. ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗುತ್ತೆ. ಸಣ್ಣ ಟರ್ಬೊಗೆ ಮೇಲಿನ ಆರ್‌ಪಿಎಂನಲ್ಲಿ ಅಷ್ಟು ತಾಕತ್ತು ಇರಲ್ಲ. ಹಾಗಾಗಿ "ಊಟಿ ಘಾಟಿಯಲ್ಲಿ ಮಾತ್ರ ಮೇಲೆ ಎಳೆಯಲ್ಲ" ಅನ್ನೋದು ರೋಗ ಆಗಿರದೆಯೂ ಇರಬಹುದು.

ಲಾಗ್ ಓದೋವಾಗಲೂ ಇದು ನೆನಪಿರಲಿ. ಕೆಲವು ಅಂಕಿಗಳು ಒಟ್ಟು ಒತ್ತಡ, ಕೆಲವು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅನ್ನೋದು. ಆ್ಯಪ್ ಎಲ್ಲ ಊರಿಗೂ 1.01 ಅಂತಾನೇ ಹಿಡಿದು ಕಳೀತಾ ಇದ್ರೆ ಗುಂಡ್ಲುಪೇಟೆಯಲ್ಲಿ ನಿಮ್ಮ ಬೂಸ್ಟ್ 0.09 ಬಾರ್ ಕಮ್ಮಿ ತೋರಿಸುತ್ತೆ. ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು ನೋಡಿ. ಆಗ ಬೂಸ್ಟ್ ಸೊನ್ನೆ ತೋರಿಸಬೇಕು. ಸೊನ್ನೆಗಿಂತ ಕೆಳಗೆ ತೋರಿಸಿದ್ರೆ ಲೆಕ್ಕದಲ್ಲೇ ತಪ್ಪಿದೆ, ಗಾಡಿಯಲ್ಲಿ ಅಲ್ಲ.

ಇ20 ಪೆಟ್ರೋಲಿನ ಪಾಲು

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರೋ ಪೆಟ್ರೋಲ್, ಈಗ ಬಂಕುಗಳಲ್ಲಿ ಸಾಮಾನ್ಯ ಆಗಿದೆ. ಇದನ್ನ ಬೈಯೋದೂ ಇದೆ, ಹೊಗಳೋದೂ ಇದೆ. ನಮ್ಮ ವಿಷಯಕ್ಕೆ ಎರಡೂ ಕಡೆ ಸತ್ಯ ಇದೆ.

ಒಳ್ಳೇದು ಏನಂದ್ರೆ ಎಥನಾಲ್ ನಾಕ್ ಆಗೋದನ್ನ ತಡೆಯುತ್ತೆ. ಟರ್ಬೊ ಎಂಜಿನ್‌ಗೆ ಅದು ಅನುಕೂಲ. ಇನ್ನೊಂದು ಕಡೆ, ಒಂದು ಕೆ.ಜಿ. ಶುದ್ಧ ಪೆಟ್ರೋಲ್ ಉರಿಯೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಕೆ.ಜಿ. ಸಾಕು. ತಿರುಗಿಸಿ ಹೇಳಿದ್ರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಇ20 ಲೆಕ್ಕ ಹಾಕಿದ್ರೆ ಶುದ್ಧ ಪೆಟ್ರೋಲಿಗಿಂತ ಪಂಪ್ ಮತ್ತು ಇಂಜೆಕ್ಟರ್ ಸುಮಾರು ಶೇ 7ರಿಂದ 8ರಷ್ಟು ಹೆಚ್ಚು ಇಂಧನ ಹರಿಸಬೇಕು. ಹೊಸ ಪಂಪಿಗೆ ಇದು ಲೆಕ್ಕಕ್ಕಿಲ್ಲ. ಹತ್ತು ವರ್ಷ ಓಡಿದ, ಮೇಲಿಂದ ರೀಮ್ಯಾಪ್ ಆದ ಗಾಡಿಯ ಪಂಪಿಗೆ ಮಾತ್ರ ಕೊನೆಯ ಆ ಏಳೆಂಟು ಪರ್ಸೆಂಟೇ ಕಷ್ಟ. ಅದು ಕಾಣಿಸೋದು ಎಲ್ಲಿ? ಮೇಲಿನ ಆರ್‌ಪಿಎಂನಲ್ಲಿ, ಫುಲ್ ಬೂಸ್ಟ್‌ನಲ್ಲಿ. ಇ20 ಬಂದ ಮೇಲೆ ಶುರುವಾಯ್ತು ಅನ್ನೋರು ಮೊದಲು ನೋಡಬೇಕಾದ್ದು ರೇಲ್ ಒತ್ತಡ.

ಪರೀಕ್ಷೆ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು

ಇಷ್ಟು ಕೇಳಿದ ಮೇಲೆ "ಸಂಜೆ ಹೈವೇಗೆ ಹೋಗಿ ಲಾಗ್ ತೆಗೆಯೋಣ" ಅನ್ನಿಸಿದ್ರೆ ವಸಿ ತಡೀರಿ. ಮೂರನೇ ಗೇರಿನಲ್ಲಿ ಆರು ಸಾವಿರ ಆರ್‌ಪಿಎಂ ಅಂದ್ರೆ ಬಹಳಷ್ಟು ಗಾಡಿಗಳು ಗಂಟೆಗೆ ನೂರು ಕಿಲೋಮೀಟರ್ ದಾಟಿರ್ತಾವೆ. ನಮ್ಮ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಹಸು, ಸ್ಕೂಲಿನ ಮಕ್ಕಳು ಎಲ್ಲ ಇರ್ತಾರೆ. ಬಂಡೀಪುರ ಕಾಡಿನ ರಸ್ತೆಯಂತೂ ಬೇಡವೇ ಬೇಡ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ 2009ರಲ್ಲಿ ನಿಷೇಧ ಬಂದದ್ದೇ ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯ್ತಿದ್ದದ್ದಕ್ಕೆ. ಹಗಲಲ್ಲೂ ಜಿಂಕೆ, ಆನೆ ಅಡ್ಡ ಬರ್ತಾವೆ.

ಸರಿಯಾದ ಜಾಗ ಡೈನೊ, ಅಂದ್ರೆ ಗಾಡಿಯನ್ನ ರೋಲರ್ ಮೇಲೆ ನಿಲ್ಲಿಸಿ ಓಡಿಸೋ ಯಂತ್ರ. ಬೆಂಗಳೂರಿನಲ್ಲಿ ಸಿಗುತ್ತೆ. ಒಂದು ದಿನದ ಖರ್ಚು ಆಗುತ್ತೆ ನಿಜ. ಆದ್ರೆ ಬೂಸ್ಟ್, ಲ್ಯಾಂಬ್ಡಾ, ಪವರ್ ಎಲ್ಲ ಒಂದೇ ಹಾಳೆಯಲ್ಲಿ ಸಿಗುತ್ತೆ, ಒಂದು ತಪ್ಪು ಪಾರ್ಟಿನ ಬೆಲೆಗಿಂತ ಕಮ್ಮಿಯಲ್ಲಿ. ಟ್ರ್ಯಾಕ್ ಬೇಕು ಅನ್ನೋರಿಗೆ ದಿಂಬಂ ಘಾಟಿ ಇಳಿದು ಸತ್ಯಮಂಗಲ ದಾಟಿದ್ರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. 2.1 ಕಿಲೋಮೀಟರಿನ ರೇಸ್ ಟ್ರ್ಯಾಕ್. ಪೋಲೊ ರೇಸ್ ಕಾರುಗಳು ಓಡಿದ ಜಾಗ.

ಇನ್ನೊಂದು ಮಾತು. ಪವರ್ ವಾಪಸ್ ತರ್ತೀನಿ ಅಂತ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಖಾಲಿ ಪೈಪ್ ಹಾಕೋದು ಪರಿಹಾರ ಅಲ್ಲ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳ್ತೀರಿ. ಕಂಪನಿ ಮೂಲ ವಿನ್ಯಾಸ ಬದಲಾಯಿಸೋದರ ಬಗ್ಗೆ ಸುಪ್ರೀಂ ಕೋರ್ಟ್ 2019ರಲ್ಲೇ ಕಟ್ಟುನಿಟ್ಟಾಗಿ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಕನ್ವರ್ಟರ್ ಕಟ್ಟಿಕೊಂಡಿದ್ದು ಮಿಸ್‌ಫೈರಿನಿಂದಲೋ ಎಣ್ಣೆ ಸುಡೋದ್ರಿಂದಲೋ ಆಗಿದ್ರೆ ಮೂಲ ರೋಗ ಒಳಗೇ ಉಳಿಯುತ್ತೆ.

ಗ್ಯಾರೇಜಿಗೆ ಹೋಗೋವಾಗ

ಕೊನೆಗೆ ಕೈಗೆ ಸಿಗೋ ಮಾತು. ಗ್ಯಾರೇಜಿಗೆ ಹೋದಾಗ "ಪಿಕಪ್ ಇಲ್ಲ, ನೋಡಿ" ಅಂತ ಮಾತ್ರ ಹೇಳಬೇಡಿ. ಹೀಗೆ ಹೇಳಿ: "ಇಷ್ಟು ಆರ್‌ಪಿಎಂ ಆದ ಮೇಲೆ ಹೀಗಾಗುತ್ತೆ, ಬತ್ತುತ್ತೆ ಅಥವಾ ಜರ್ಕ್ ಹೊಡೆಯುತ್ತೆ. ತಣ್ಣಗಿದ್ದಾಗ ಹೀಗೆ, ಬಿಸಿಯಾದಾಗ ಹೀಗೆ. ಬೂಸ್ಟ್ ಕೇಳಿದ್ದು ಇಷ್ಟು, ಬಂದದ್ದು ಇಷ್ಟು. ಕೊನೇ ಸಲ ಪ್ಲಗ್ ಬದಲಾಯಿಸಿದ್ದು ಇಷ್ಟು ಕಿಲೋಮೀಟರ್ ಹಿಂದೆ." ಒಳ್ಳೆ ಮೆಕ್ಯಾನಿಕ್‌ಗೆ ಇದರಿಂದ ಅರ್ಧ ದಿನ ಉಳಿಯುತ್ತೆ. ಅವರು ಯಾವುದಾದ್ರೂ ಪಾರ್ಟ್ ಹೋಗಿದೆ ಅಂದ್ರೆ ವಿನಯದಿಂದಲೇ ಒಂದು ಪ್ರಶ್ನೆ ಕೇಳಿ: "ಅಣ್ಣ, ಅದು ಹೋಗಿದೆ ಅಂತ ಯಾವ ಪರೀಕ್ಷೆಯಲ್ಲಿ ಗೊತ್ತಾಯ್ತು?" ಉತ್ತರ ಇದ್ರೆ ನಂಬಿ. "ಹಾಕಿ ನೋಡೋಣ" ಅಂದ್ರೆ ಬಿಲ್ಲು ನಿಮ್ಮದು ಅನ್ನೋದು ನೆನಪಿರಲಿ.

ಕೆಲಸ ಆದ ಮೇಲೆ ಅದೇ ಗೇರಿನಲ್ಲಿ, ಅದೇ ಡೈನೊ ಮೇಲೆ, ಅದೇ ಐದಾರು ಅಂಕಿಗಳ ಲಾಗ್ ಇನ್ನೊಂದು ಸಲ ತೆಗೆಯಿರಿ. ಕೇಳಿದ್ದು, ಬಂದದ್ದು ಎರಡೂ ಸಾಲು ಕೊನೇವರೆಗೂ ತಾಳೆಯಾದ್ರೆ ರಿಪೇರಿ ಮುಗಿದಿದೆ. ಆ ಹಾಳೆಯನ್ನ ಆರ್‌ಸಿ, ಇನ್ಶೂರೆನ್ಸ್ ಜೊತೆಗೇ ಇಟ್ಟುಕೊಳ್ಳಿ. ಮುಂದೆ ಗಾಡಿ ಮತ್ತೆ ಸುಸ್ತಾದಾಗ ಹೋಲಿಸೋಕೆ ಬೇಕಾಗುತ್ತೆ, ಮಾರೋವಾಗ ತಗೊಳ್ಳೋರಿಗೆ ತೋರಿಸೋಕೂ ಆಗುತ್ತೆ.

ಇವತ್ತಿಗೆ ಇಷ್ಟು.